ವಿಯೆನ್ನಾದವರಿಗೆ ತೋರಿಸಿದ ನೋವು

ಹೆದ್ದಾರಿ ಪಕ್ಕದ ಊರಿನಲ್ಲಿ ಮೆಡಿಕಲ್ ಶಾಪ್ ಇಟ್ಟವನಿಗೆ ಮನುಷ್ಯರನ್ನು ನಂಬುವ ಅಭ್ಯಾಸ ಬೇಗ ತಪ್ಪಿಹೋಗುತ್ತದೆ. ಹಿರಿಯೂರಿನಲ್ಲಿ ನನ್ನ ಅಂಗಡಿ ಬಸ್ ನಿಲ್ದಾಣಕ್ಕೆ ಹತ್ತಿರ. ಬಸ್ಸಿನಿಂದ ಇಳಿದವರು, ಲಾರಿ ನಿಲ್ಲಿಸಿದವರು, ತೆಂಗಿನಕಾಯಿ ಟೆಂಪೋದವರು ಎಲ್ಲರೂ ನನ್ನ ಕೌಂಟರಿನ ಮುಂದೆಯೇ ಹಾದುಹೋಗಬೇಕು. ಅವರಲ್ಲಿ ದಿನಕ್ಕೊಬ್ಬನಾದರೂ ಒಳಗೆ ಬಂದು ಅಜ್ಜಿಗೆ ಕೆಮ್ಮು ಎಂದು ಅಮಲು ಬರುವ ಸಿರಪ್ ಕೇಳುತ್ತಾನೆ. ಅಜ್ಜಿಗೆ ಎಷ್ಟು ದಿನದಿಂದ ಕೆಮ್ಮು ಎಂದರೆ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾನೆ. ಇನ್ನೊಬ್ಬ ನಿದ್ದೆ ಮಾತ್ರೆಗೆ ಚೀಟಿ ತರುತ್ತಾನೆ. ಆ ಚೀಟಿಗೆ ಸಹಿ ಹಾಕಿದ ಡಾಕ್ಟರ ಶ್ರಾದ್ಧದ ಊಟ ನಾನೇ ಉಂಡು ಬಂದಿರುತ್ತೇನೆ. ಹೀಗಾಗಿ ನಾನು ಮೊದಲು ಮುಖ ನೋಡಿ ಆಮೇಲೆ ಚೀಟಿ ನೋಡುವವನು. ದೇವರೇ ಬಂದು ಪ್ಯಾರಾಸಿಟಮಾಲ್ ಕೇಳಿದರೂ ನಾನು ಆಧಾರ್ ಕಾರ್ಡ್ ಕೇಳುತ್ತೇನೆಂದು ನನ್ನ ಹೆಂಡತಿ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಾಳೆ. ಅವಳು ಹೇಳುವುದರಲ್ಲಿ ಸುಳ್ಳೇನಿಲ್ಲ.

ಇಂಥ ನಾನು ಕ್ಯಾನ್ಸರ್ ರೋಗಿಗಳ ಮನೆಗೆ ಹೋಗಿ ನೋವು ಕೇಳುವ ಗುಂಪಿಗೆ ಸೇರಿದ್ದು ನನ್ನ ದೊಡ್ಡಪ್ಪನ ದೆಸೆಯಿಂದ. ಹೊಳಲ್ಕೆರೆಯಲ್ಲಿದ್ದ ಅವರಿಗೆ ಹೊಟ್ಟೆಯ ಕ್ಯಾನ್ಸರ್. ಕಡೆಯ ದಿನಗಳಲ್ಲಿ ಅವರ ಕೂಗು ಬೀದಿಯ ತುದಿಗೆ ಕೇಳುತ್ತಿತ್ತು. ಅಂಗಡಿ ತುಂಬ ಔಷಧಿ ಇಟ್ಟುಕೊಂಡ ನಾನು ಅವರ ಪಕ್ಕದಲ್ಲಿ ಕೈಕಟ್ಟಿ ಕೂತಿದ್ದೆ, ಏಕೆಂದರೆ ಆ ನೋವಿಗೆ ಬೇಕಾದ ಮಾತ್ರೆ ನನ್ನಂಥ ಅಂಗಡಿಯಲ್ಲಿ ಇರುವಂಥದ್ದಲ್ಲ. ಅದು ಮಾರ್ಫಿನ್. ಪಾಯಸಕ್ಕೆ ನಾವು ಹುರಿದು ಅರೆಯುವ ಗಸಗಸೆಯ ಗಿಡವೇ ಅದಕ್ಕೂ ತಾಯಿ. ಕಾಯಿಯನ್ನು ಗೀರಿದರೆ ಒಸರುವ ಹಾಲು ಅಫೀಮು, ಅದರಿಂದ ತೆಗೆದದ್ದು ಈ ಮಾತ್ರೆ. ಗಿಡ ನಮ್ಮ ದೇಶದಲ್ಲೇ ಬೆಳೆಯುತ್ತದೆ. ಆದರೆ ಅಫೀಮು ಎಂಬ ಹೆಸರಿಗೆ ಹೆದರಿದ ಕಾನೂನು ಅದನ್ನು ಎಷ್ಟು ಬೀಗಗಳ ಒಳಗೆ ಇಟ್ಟಿತ್ತೆಂದರೆ ನಮ್ಮ ಕಡೆಯ ಹಳ್ಳಿಗಳಲ್ಲಿ ಜನ ಅದರ ಹೆಸರನ್ನೂ ಕೇಳದೆ ಕೂಗಿಕೊಂಡೇ ಸಾಯುತ್ತಿದ್ದರು. ಈಚೆಗೆ ಕಾನೂನು ಸ್ವಲ್ಪ ಸಡಿಲವಾಗಿದೆ ಎನ್ನುತ್ತಾರೆ. ಚಿತ್ರದುರ್ಗದ ಒಂದು ಸಣ್ಣ ಆಸ್ಪತ್ರೆ ಅದನ್ನು ಇಡಲು ಅನುಮತಿ ಪಡೆದಿತ್ತು. ಅಲ್ಲಿನ ಡಾಕ್ಟರೇ ನನ್ನನ್ನು ಈ ಕೆಲಸಕ್ಕೆ ಎಳೆದದ್ದು. ಜೊತೆಗೆ ಹೊಸದುರ್ಗದಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಸಿಸ್ಟರ್ ಒಬ್ಬರಿದ್ದರು. ಹಳ್ಳಿಗೆ ಹೋಗಿ ಮಾತ್ರೆಯ ಪ್ರಮಾಣ ಹೇಳುವುದು ಸಿಸ್ಟರ್ ಕೆಲಸ. ಗಾಡಿ ಓಡಿಸುವುದು, ಮನೆಯವರ ಜೊತೆ ಮಾತಾಡುವುದು ನನ್ನದು.

ಮೊದಲ ದಿನವೇ ಡಾಕ್ಟರು ನನಗೆ ಒಂದು ಮಾತು ಹೇಳಿದ್ದರು. ಜ್ವರಕ್ಕೆ ಥರ್ಮಾಮೀಟರ್ ಇದೆ, ನೋವಿಗೆ ಏನೂ ಇಲ್ಲ. ರೋಗಿ ಎಷ್ಟು ನೋವು ಅನ್ನುತ್ತಾನೋ ಅಷ್ಟೇ ನೋವು, ಅದನ್ನು ನಂಬಿ ಮಾತ್ರೆ ಕೊಡಬೇಕು ಎಂದರು. ನನಗೆ ಮೈ ಉರಿಯಿತು. ಮಾತು ನಂಬಿ ಮಾತ್ರೆ ಕೊಡುವುದಿದ್ದರೆ ನನ್ನ ಅಂಗಡಿ ಎಂದೋ ಖಾಲಿಯಾಗಿ ನಾನು ಜೈಲಿನಲ್ಲಿರುತ್ತಿದ್ದೆ. ಆದರೂ ಹೋದೆ. ಅರ್ಧ ಮನಸ್ಸಿನಿಂದಲೇ ಹೋದೆ.

ಯಲ್ಲದಕೆರೆಯ ಹೆಂಗಸಿನ ಮನೆಗೆ ಹೋಗತೊಡಗಿದ ಮೇಲೆ ನನ್ನ ಅರ್ಧ ಮನಸ್ಸು ಪೂರ್ತಿಯಾಯಿತು. ಕುರಿ ಸಾಕುವ ಮನೆಯವರು, ಒಂದಿಷ್ಟು ಹೊಲವೂ ಇತ್ತು. ಐವತ್ತು ದಾಟಿದ ಆ ತಾಯಿಗೆ ಎದೆಯ ಗಡ್ಡೆ ಬೆನ್ನುಮೂಳೆಗೆ ಹರಡಿತ್ತು. ನಾವು ಮೊದಲ ಸಲ ಹೋದಾಗ ಆಕೆಗೆ ಮಲಗಲಾಗುತ್ತಿರಲಿಲ್ಲ. ಗೋಡೆಗೆ ಒರಗಿದರೂ ಬೆನ್ನು ಉರಿಯುತ್ತದೆಂದು ಎದುರಿಗೆ ರಾಗಿ ಮೂಟೆ ಇಟ್ಟುಕೊಂಡು ಅದರ ಮೇಲೆ ಮುಖವಿಟ್ಟು ಕೂತಿದ್ದಳು. ಊಟ ಬಿಟ್ಟು ಹೋಗಿತ್ತು. ಸಿಸ್ಟರ್ ಮಾತ್ರೆ ಶುರು ಮಾಡಿದರು, ಅದರ ಜೊತೆಗೇ ಮಲ ಕಟ್ಟದಂತೆ ಇನ್ನೊಂದು ಔಷಧಿ ಕೊಟ್ಟರು, ನಾಲ್ಕು ಗಂಟೆಗೊಮ್ಮೆ ತಪ್ಪದೆ ಕೊಡಬೇಕೆಂದು ಗಂಡನಿಗೆ ಮೊಬೈಲಿನಲ್ಲಿ ಗಂಟೆ ಹೊಡೆಯುವಂತೆ ಇಟ್ಟುಕೊಟ್ಟರು. ಮುಂದಿನ ವಾರ ಹೋದಾಗ ಆಕೆ ಬೇವಿನ ಮರದ ಕೆಳಗೆ ಕೂತು ರಾಟೆಯಲ್ಲಿ ಉಣ್ಣೆ ನೂಲುತ್ತಿದ್ದಳು. ನನ್ನನ್ನು ನೋಡಿ, ಬರ್ರಣ್ಣ ಕುಂತ್ಕಳ್ರಿ ಎಂದು ಮಜ್ಜಿಗೆ ತರಿಸಿದಳು. ನಾನು ವ್ಯಾಪಾರಿ, ಕಣ್ಣೀರು ನನ್ನ ಹತ್ತಿರ ಸುಲಭಕ್ಕೆ ಬರುವುದಿಲ್ಲ. ಆ ದಿನ ಮಜ್ಜಿಗೆ ನೆತ್ತಿಗೇರಿತೆಂದು ಹೇಳಿ ಮುಖ ತಿರುಗಿಸಿಕೊಂಡೆ.

ಆಕೆಯ ಬದುಕು ಈಗ ಆ ಮಾತ್ರೆಯ ಮೇಲೆ ನಿಂತಿತ್ತು. ಮಾತ್ರೆ ಇದ್ದರೆ ಬೇವಿನ ಮರದ ನೆರಳು, ರಾಟೆ, ಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸುವ ಕೆಲಸ. ಇಲ್ಲದಿದ್ದರೆ ರಾಗಿ ಮೂಟೆ. ಆ ಮಾತ್ರೆಯೋ, ಒಂದು ತಿಂಗಳು ಬಂದರೆ ಇನ್ನೊಂದು ತಿಂಗಳು ತಡ. ಅನುಮತಿಯ ಕಾಗದ ಯಾವುದೋ ಮೇಜಿನ ಮೇಲಿದೆ ಎನ್ನುತ್ತಿದ್ದರು. ಯಾವ ಮೇಜು ಎಂದರೆ ಗೊತ್ತಿಲ್ಲ.

ಆ ಹೊತ್ತಿಗೆ ದೆಹಲಿಯಿಂದ ಒಂದು ಇ-ಮೇಲ್ ಬಂತು. ವಿಯೆನ್ನಾ ಎಂಬ ಊರಿನಲ್ಲಿ ಪ್ರತಿ ವರ್ಷ ಮಾದಕ ವಸ್ತುಗಳ ಬಗ್ಗೆ ದೇಶದೇಶಗಳ ದೊಡ್ಡ ಸಭೆ ಸೇರುತ್ತದೆ, ಯಾವ ವಸ್ತುವನ್ನು ಎಷ್ಟು ಬಿಗಿಯಾಗಿ ಕಟ್ಟಿಡಬೇಕೆಂಬುದು ಅಲ್ಲೇ ಚರ್ಚೆಯಾಗುತ್ತದೆ, ಸರ್ಕಾರಗಳು ಮಾತಾಡಿದ ಮೇಲೆ ನಮ್ಮಂಥ ಸಂಘಸಂಸ್ಥೆಗಳಿಗೂ ಕೆಲವು ನಿಮಿಷ ಕೊಡುತ್ತಾರೆ, ನೋವಿನ ಮಾತ್ರೆ ಸಣ್ಣ ಊರುಗಳಿಗೆ ಸಿಗದಿರುವ ಬಗ್ಗೆ ಈ ಸಲ ಹೇಳಬೇಕೆಂದಿದ್ದೇವೆ, ನಿಮ್ಮ ಅನುಭವ ಬೇಕು. ಇದು ಅದರ ಸಾರ. ಡಾಕ್ಟರಿಗೆ ಖುಷಿಯೋ ಖುಷಿ. ನನಗೆ ಮೊದಲು ಹುಟ್ಟಿದ ಪ್ರಶ್ನೆ, ದೆಹಲಿಯವರಿಗೆ ಹಿರಿಯೂರಿನ ವಿಳಾಸ ಕೊಟ್ಟವರು ಯಾರು ಎಂಬುದು. ಎರಡನೆಯದು, ಇವರ ವಿಮಾನದ ಟಿಕೆಟ್ಟು ಯಾರದು. ನಾಗರಿಕ ಸಮಾಜದ ಪ್ರತಿನಿಧಿಗಳು ಎಂದು ಕೆಳಗೆ ಬರೆದುಕೊಂಡಿದ್ದರು. ಹಾಗಾದರೆ ಮಿಕ್ಕ ನಾವೆಲ್ಲ ಯಾವ ಸಮಾಜ ಎಂದು ಸಿಸ್ಟರನ್ನು ಕೇಳಿದೆ. ಸುಮ್ಮನಿರ್ರಿ ನೀವು ಎಂದರು.

ಆನ್‌ಲೈನ್ ಸಭೆಗಳು ಶುರುವಾದವು. ಮಧ್ಯಾಹ್ನ ಗಿರಾಕಿ ಕಡಿಮೆಯಿರುವ ಹೊತ್ತಿನಲ್ಲಿ ಅಂಗಡಿಯಲ್ಲೇ ಮೊಬೈಲನ್ನು ಗ್ಲೂಕೋಸ್ ಡಬ್ಬಿಗೆ ಒರಗಿಸಿಕೊಂಡು ಕೂರುತ್ತಿದ್ದೆ. ಪರದೆಯ ತುಂಬ ಚೌಕಚೌಕವಾಗಿ ಮುಖಗಳು. ನನ್ನ ದನಿ ಕೇಳಿಸುತ್ತಿದೆಯೇ ಎನ್ನುವುದರಲ್ಲೇ ಒಳ್ಳೆಯ ಹೊತ್ತು ಕಳೆಯುತ್ತಿತ್ತು. ಆಮೇಲೆ ಗೊತ್ತಾಯಿತು, ಆ ನಾಗರಿಕರಲ್ಲಿಯೇ ಎರಡು ಪಂಗಡ. ಒಂದು ಪಂಗಡಕ್ಕೆ ಎಲ್ಲವೂ ಸಡಿಲವಾಗಬೇಕು, ಇನ್ನೊಂದಕ್ಕೆ ಎಲ್ಲವೂ ಇನ್ನಷ್ಟು ಬಿಗಿಯಾಗಬೇಕು. ಇಬ್ಬರೂ ಜನರ ಪರ ಎನ್ನುತ್ತಿದ್ದರು. ಬೆಳಿಗ್ಗೆ ಸಿರಪ್ಪಿಗೆ ಬಂದ ಹುಡುಗರನ್ನು ಬೈದು ಓಡಿಸಿದ ನನಗೆ ಬಿಗಿ ಪಂಗಡ ಸರಿ ಅನ್ನಿಸುತ್ತಿತ್ತು. ಯಲ್ಲದಕೆರೆಗೆ ಹೋಗಿ ಬಂದ ದಿನ ಅದೇ ಪಂಗಡದವರ ಕಾಲರ್ ಹಿಡಿದು ಕೇಳಬೇಕೆನಿಸುತ್ತಿತ್ತು. ಎರಡೂ ಕಡೆ ಯಾರಾದರೊಬ್ಬರು ಔಷಧಿ ಕಂಪನಿಯವರು ವೇಷ ಹಾಕಿಕೊಂಡು ಕೂತಿರಬಹುದೆಂಬ ಗುಮಾನಿ ಮಾತ್ರ ಯಾವ ದಿನವೂ ಹೋಗಲಿಲ್ಲ.

ಅವರು ಬರೆದ ಹೇಳಿಕೆಯ ಕರಡು ನಮಗೆ ಬಂತು. ಅದರಲ್ಲಿ ಯಲ್ಲದಕೆರೆಯ ತಾಯಿ ಹಗಲಿರುಳು ಚೀರುತ್ತಿದ್ದಾಳೆ ಎಂದಿತ್ತು. ಚೀರುತ್ತಿಲ್ಲ, ನೂಲುತ್ತಿದ್ದಾಳೆ ಎಂದು ನಾನು ತಿದ್ದಿ ಕಳಿಸಿದೆ. ಮುಂದಿನ ಕರಡಿನಲ್ಲಿ ನೂಲುವುದು ಬಂತು, ಆದರೆ ಚೀರುವುದು ಹೋಗಿರಲಿಲ್ಲ. ಸಭೆಯಲ್ಲಿ ನಾನು ಜಗಳ ತೆಗೆದೆ. ಆಗ ಇ-ಮೇಲ್ ಕಳಿಸಿದ್ದ ಸಂಸ್ಥೆಯ ಮುಖ್ಯಸ್ಥೆ, ದೆಹಲಿಯ ಒಬ್ಬ ಹೆಣ್ಣುಮಗಳು, ತಾನೇ ಬಂದು ನೋಡುತ್ತೇನೆ ಎಂದಳು. ವಿಯೆನ್ನಾದಲ್ಲಿ ಊಟದ ಹೊತ್ತಿಗೆ ಸಣ್ಣ ಸಭೆಯೊಂದು ಇರುತ್ತದಂತೆ, ಅಲ್ಲಿ ತೋರಿಸಲು ಚಿಕ್ಕ ವೀಡಿಯೊ ಬೇಕು, ಕ್ಯಾಮೆರಾದವರನ್ನೂ ಕರೆತರುತ್ತೇನೆ ಎಂದಳು. ಚೀರುವುದನ್ನು ಕೈಬಿಡದವಳು ಕ್ಯಾಮೆರಾ ತರುವುದು ಏತಕ್ಕೆಂದು ನನಗೆ ಆಗಲೇ ಗೊತ್ತಾದಂತಿತ್ತು.

ಅವಳು ಬರುವ ಹಿಂದಿನ ದಿನ ಸಿಸ್ಟರ್ ಯಲ್ಲದಕೆರೆಯ ಮನೆಗೆ ಫೋನ್ ಮಾಡಿ, ದೆಹಲಿಯಿಂದ ದೊಡ್ಡ ಜನ ನೋಡಲು ಬರುತ್ತಿದ್ದಾರೆ, ಈ ಮಾತ್ರೆಯ ತೀರ್ಮಾನ ಮಾಡುವವರ ಹತ್ತಿರ ಹೋಗಿ ಮಾತಾಡುವವರು, ಮನೆಯಲ್ಲೇ ಇರಿ ಎಂದು ತಿಳಿಸಿದರು. ಗಂಡ ಆಗಲಿ ಎಂದನಂತೆ.

ದೆಹಲಿಯವಳು ಹೇಳಿದ ಹೊತ್ತಿಗೆ ಸರಿಯಾಗಿ ಹಿರಿಯೂರಿಗೆ ಬಂದಿಳಿದಳು. ನಲವತ್ತರ ಆಸುಪಾಸು, ಕಾಟನ್ ಸೀರೆ, ಕಾಲಿಗೆ ಓಡಾಡುವವರ ಚಪ್ಪಲಿ. ನಮ್ಮ ಊರಿನ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದಳು, ಇನ್ನೊಂದು ಕೇಳಿ ತಿಂದಳು. ಇಷ್ಟು ಸರಳವಾಗಿರುವವರ ಮೇಲೆ ನನಗೆ ಅನುಮಾನ ಜಾಸ್ತಿ. ಕ್ಯಾಮೆರಾದವನು ಗಡ್ಡ ಬಿಟ್ಟ, ಮಾತಾಡದ ಮನುಷ್ಯ. ದಾರಿಯುದ್ದಕ್ಕೂ ಆಕೆ ನನ್ನ ಮುರುಕಲು ಹಿಂದಿಯಲ್ಲಿ ನನ್ನಿಂದ ವಿಷಯ ತಿಳಿದುಕೊಂಡಳು. ಆಕೆಯ ತಂದೆ ಆಸ್ಪತ್ರೆಯಲ್ಲಿ ನೋವಿನಲ್ಲಿಯೇ ಹೋದರಂತೆ. ಇರಬಹುದು, ಇಲ್ಲದೆಯೂ ಇರಬಹುದು ಎಂದುಕೊಂಡೆ. ನನ್ನ ಹತ್ತಿರ ಸಿರಪ್ ಕೇಳುವವರೆಲ್ಲರಿಗೂ ಒಬ್ಬ ಅಜ್ಜಿ ಇರುತ್ತಾಳೆ.

ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ಬೇವಿನ ಮರದ ಕೆಳಗೆ ಯಾರೂ ಇರಲಿಲ್ಲ. ರಾಟೆಯೂ ಇರಲಿಲ್ಲ. ಗಂಡ ತಲೆಗೆ ಹೊಸ ಟವಲ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. ಬರ್ರಿ ಎಂದ. ಕುಂತ್ಕಳ್ರಿ ಅನ್ನಲಿಲ್ಲ, ನೇರ ಒಳಗೆ ಕರೆದ. ಒಳಗಿನ ಕತ್ತಲೆಗೆ ಕಣ್ಣು ಹೊಂದುವ ಮೊದಲೇ ಸದ್ದು ಕೇಳಿತು. ಆಕೆ ಕಂಬಳಿಯ ಮೇಲೆ ಮೊಣಕಾಲು, ಮೊಣಕೈ ಊರಿಕೊಂಡು ತಲೆ ನೆಲಕ್ಕೆ ಒತ್ತಿ ಅತ್ತಿಂದಿತ್ತ ಹೊರಳಾಡುತ್ತಿದ್ದಳು. ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಬೆವರಿಗೆ ರವಿಕೆ ತೊಯ್ದು ಬೆನ್ನಿಗೆ ಅಂಟಿತ್ತು. ನನ್ನ ದೊಡ್ಡಪ್ಪ ಮಾಡುತ್ತಿದ್ದ ಅದೇ ಸದ್ದು.

ನಾನು ದೆಹಲಿಯವಳ ಕಡೆ ತಿರುಗಿದೆ. ಹಿಂದಿ ಮರೆತುಹೋಯಿತು, ಕನ್ನಡದಲ್ಲೇ ಬೈದೆ. ಚೀರುವುದು ಬೇಕಿತ್ತಲ್ಲ, ತಗೊ, ಇದನ್ನು ಮಾಡಿಸಲು ಎಷ್ಟು ದಿನದಿಂದ ಹೊಂಚು ಹಾಕಿದ್ದೆ ಎಂದು ಏನೇನೋ ಅಂದೆ. ಆಕೆಗೆ ಮಾತು ಅರ್ಥವಾಗಲಿಲ್ಲ, ನನ್ನ ಮುಖ ಅರ್ಥವಾಯಿತು. ಆಕೆ ನನ್ನನ್ನು ಬಿಟ್ಟು ಹಿಂದೆ ತಿರುಗಿ ಕ್ಯಾಮೆರಾದವನಿಗೆ ಕೈ ಅಡ್ಡ ಹಿಡಿದಳು. ಕ್ಯಾಮೆರಾದ ಮೇಲಿನ ಕೆಂಪು ದೀಪ ಆರಿತು. ಅದು ಹತ್ತಿದ್ದು ಯಾವಾಗ ಎಂದು ನಾನು ನೋಡಿರಲಿಲ್ಲ.

ಸಿಸ್ಟರ್ ಮಾತ್ರೆ ಎಲ್ಲಿ ಎಂದು ಕೇಳಿದರು. ಗಂಡ ಪಂಚೆಯ ಗಂಟಿನಿಂದ ಪೊಟ್ಟಣ ಬಿಚ್ಚಿ ಕೊಟ್ಟ. ಒಂದೂ ಕಳೆದಿರಲಿಲ್ಲ, ಜೋಪಾನವಾಗಿತ್ತು. ಸಿಸ್ಟರ್ ಆಕೆಯ ತಲೆ ಎತ್ತಿ ನೀರಿನ ಜೊತೆ ಮಾತ್ರೆ ನುಂಗಿಸುತ್ತಿರುವಾಗ ಅವನು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ.

"ನಾನೇ ಕೊಡ್ಲಿಲ್ಲ ಸ್ವಾಮಿ. ನಿನ್ನೆ ಸಂಜೆಯಿಂದ ನಿಲ್ಸೀನಿ. ಕುರಿ ಡಾಕ್ಟ್ರು ಬರ್ತಾರೆ ಅಂದ್ರೆ ನಾವು ಕುರಿಗೆ ಏನೂ ಕುಡಿಸಲ್ಲ. ಕುಡಿಸಿದ್ರೆ ಕಾಯಿಲೆ ಅಡಗ್ತೈತೆ. ಅವ್ರು ನೋಡಿ, ಏನೂ ಇಲ್ಲ ಅಂತ ಬರ್ಕಂಡು ಹೋಗ್ತಾರೆ. ಇವ್ರೂ ಹಂಗೇ ಬರ್ಕಂಡು ಹೋದ್ರೆ ನಾಳೆಯಿಂದ ನಾನು ಮಾತ್ರೆ ಎಲ್ಲಿಂದ ತರ್ಲಿ?"

ಅವನಿಗೆ ತಾನು ತಪ್ಪು ಮಾಡಿದೆನೆಂಬ ಅಳುಕಿರಲಿಲ್ಲ. ಕಷ್ಟದ ಕೆಲಸವನ್ನು ಮಾಡಿ ಮುಗಿಸಿದವನ ಹಾಗೆ ನಿಂತಿದ್ದ. ರಾಟೆಯನ್ನೂ ಉಣ್ಣೆಯನ್ನೂ ಅಟ್ಟಕ್ಕೆ ಹಾಕಿದ್ದನಂತೆ. ಅವನ ಅಕ್ಕನಿಗೆ ಬರುತ್ತಿದ್ದ ಅಂಗವಿಕಲರ ಪಿಂಚಣಿ ನಿಂತದ್ದು ಹೀಗೇ. ನೋಡಲು ಬಂದವರ ಕಣ್ಣಿಗೆ ಆಕೆ ಮೊರ ಹಿಡಿದು ರಾಗಿ ಕೇರುತ್ತಿದ್ದದ್ದು ಬಿತ್ತು, ಗಟ್ಟಿಮುಟ್ಟಾಗಿದ್ದಾಳೆ ಎಂದು ಬರೆದರು. ಅವನನ್ನು ಬೈಯಲು ಹೊರಟ ನನಗೆ ನಮ್ಮ ಬೀದಿಯೇ ನೆನಪಾಯಿತು. ನಮ್ಮ ಹಿರಿಯೂರಿನ ಬೀದಿಯಲ್ಲೂ ರೇಷನ್ ಕಾರ್ಡಿನ ತನಿಖೆಯವರು ಬರುತ್ತಾರೆಂದು ಸುದ್ದಿಯಾದರೆ ಸಾಕು, ಬೈಕುಗಳೆಲ್ಲ ನೆಂಟರ ಮನೆಗೆ ಹೋಗುತ್ತವೆ, ಫ್ರಿಜ್ಜಿನ ಮೇಲೆ ಹಾಸಿಗೆ ಹೊದಿಕೆ ಬೀಳುತ್ತದೆ, ಹೆಂಗಸರು ಬಳೆ ಬಿಚ್ಚಿಟ್ಟು ಹರಿದ ಸೀರೆ ಉಡುತ್ತಾರೆ. ನೋಡಲು ಬಂದವರ ಕಣ್ಣಿಗೆ ಒಳ್ಳೆಯದೊಂದು ಬಿದ್ದರೆ ಅದು ಕೈಬಿಟ್ಟು ಹೋಗುತ್ತದೆಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಆ ಮನೆಯಲ್ಲಿದ್ದ ಒಳ್ಳೆಯದು ಆಕೆಯ ನೋವಿಲ್ಲದ ಬೆನ್ನು. ಅವನು ಅದನ್ನು ಮುಚ್ಚಿಟ್ಟಿದ್ದ.

ಮಾತ್ರೆ ಹಿಡಿಯಲು ಹೊತ್ತು ಬೇಕು. ಆ ಹೊತ್ತನ್ನು ನಾವೆಲ್ಲ ಆ ಕೋಣೆಯಲ್ಲೇ ಕಳೆದೆವು. ದೆಹಲಿಯವಳು ನೆಲದ ಮೇಲೆ ಕೂತು ಆಕೆಯ ಪಾದ ಹಿಡಿದುಕೊಂಡಿದ್ದಳು. ಅದನ್ನೂ ನಾನು ಒಳ್ಳೆಯ ಕಣ್ಣಿನಿಂದ ನೋಡಲಿಲ್ಲ. ಹೊರಗೆ ಹಟ್ಟಿಯಲ್ಲಿ ಹಾಲು ಸಿಗದ ಮರಿಗಳು ಅರಚುತ್ತಿದ್ದವು, ಆಕೆಯ ಕೈಯಿಂದ ಕುಡಿದು ರೂಢಿಯಾದವು. ನಿಧಾನಕ್ಕೆ ಉಸಿರು ಒಂದು ಹದಕ್ಕೆ ಬಂತು. ಆಕೆ ಪಕ್ಕಕ್ಕೆ ಹೊರಳಿ ಕಾಲು ಚಾಚಿದಳು. ಸೆರಗನ್ನು ಬಾಯಿಂದ ತೆಗೆದಳು. ಕಣ್ಣು ಬಿಟ್ಟು ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿ, ಕಡೆಗೆ ನನ್ನನ್ನು ಕೇಳಿದಳು.

"ಸರ್ಯಾಗಿ ನೋಡಿದ್ರಾ ಅಣ್ಣ ಅವ್ರು? ಇನ್ನೊಂದ್ಸಲ ನನ್ ಕೈಲಿ ಆಗಲ್ಲ."

ಗಂಡ ಒಬ್ಬನೇ ಮಾಡಿದ್ದೆಂದು ನಾನು ತಿಳಿದಿದ್ದೆ. ಆಕೆಯೂ ಕೂಡಿಯೇ ಮಾಡಿದ್ದಳು. ಒಂದು ರಾತ್ರಿಯಿಡೀ ಪೊಟ್ಟಣ ಕೈಗೆಟುಕುವಲ್ಲಿದ್ದರೂ ಕೇಳದೆ ತಡೆದುಕೊಂಡಿದ್ದಳು. ನೋಡಿದ್ರಮ್ಮ, ಸರಿಯಾಗಿ ನೋಡಿದ್ರು ಎಂದೆ. ಸಿಸ್ಟರ್ ಆಕೆಯ ಪ್ರಶ್ನೆಯನ್ನು ಹಿಂದಿಯಲ್ಲಿ ತಿರುಗಿಸಿ ಹೇಳಿದಾಗ ದೆಹಲಿಯವಳು ಎದ್ದು ಹೊರಗೆ ಹೋದಳು. ಬೇವಿನ ಮರಕ್ಕೆ ಹಣೆ ಕೊಟ್ಟು ನಿಂತದ್ದನ್ನು ಕಿಟಕಿಯಿಂದ ನೋಡಿದೆ.

ವಾಪಸು ಬರುವಾಗ ದಾರಿಯಲ್ಲಿ ಗಾಡಿ ನಿಲ್ಲಿಸಿ ಆ ವೀಡಿಯೊ ಅಳಿಸಬೇಕೆಂದು ಪಟ್ಟು ಹಿಡಿದೆ. ದೆಹಲಿಯವಳು ಕ್ಯಾಮೆರಾದವನ ಕೈಯಿಂದ ಕ್ಯಾಮೆರಾ ಇಸಿದುಕೊಂಡು ನನ್ನೆದುರೇ ಗುಂಡಿ ಒತ್ತಿ ಅಳಿಸಿದಳು. ಪರದೆ ಖಾಲಿಯಾದದ್ದನ್ನು ತೋರಿಸಿದಳು. ನಾನು ತಲೆಯಾಡಿಸಿದೆ. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆ ಉಳಿಯುವ ಸಾಮಾನು ಅದು, ನನ್ನ ಮೊಬೈಲಿನಲ್ಲೇ ಅಳಿಸಿದ ಫೋಟೋಗಳು ಎಲ್ಲಿಂದಲೋ ಎದ್ದು ಬರುತ್ತವೆ. ಅದೂ ಅಲ್ಲದೆ, ಆ ಕ್ಯಾಮೆರಾದವನ ಜೇಬಿನಲ್ಲಿ ಇನ್ನೊಂದು ಫೋನಿತ್ತು.

ಸಭೆಯ ದಿನ ಬಂತು. ವಿಯೆನ್ನಾದ ಬೆಳಿಗ್ಗೆ ನಮಗೆ ಮಧ್ಯಾಹ್ನ. ಅಲ್ಲಿ ನಡೆಯುವುದನ್ನು ಎಲ್ಲರೂ ಮೊಬೈಲಿನಲ್ಲಿ ನೋಡಬಹುದು ಎಂದು ಲಿಂಕ್ ಕಳಿಸಿದ್ದರು. ಊಟದ ಹೊತ್ತಿನ ಸಣ್ಣ ಸಭೆಯನ್ನೂ ಬಿಡದೆ ನೋಡಿದೆ. ಡಾಕ್ಟರು ಹೆಮ್ಮೆಯಿಂದ ನೋಡುತ್ತಿದ್ದರೆ ನಾನು ಕಳ್ಳನನ್ನು ಕಾಯುವವನಂತೆ ನೋಡುತ್ತಿದ್ದೆ. ಆ ಕಂಬಳಿ, ಆ ಬೆನ್ನು ಎಲ್ಲಾದರೂ ಪರದೆಯ ಮೇಲೆ ಬರುತ್ತದೋ ಎಂದು. ಬರಲಿಲ್ಲ. ದೊಡ್ಡ ಸಭೆಯಲ್ಲಿ ದೇಶಗಳು ಸರದಿಯಲ್ಲಿ ಮಾತಾಡಿದವು. ಪ್ರತಿಯೊಂದು ದೇಶವೂ ತಾನು ಮಾಡಿದ್ದನ್ನು ಹೊಗಳಿಕೊಂಡಿತು. ನಮ್ಮ ಮದುವೆ ಮನೆಗಳಲ್ಲಿ ಬೀಗರು ಮಾತಾಡುವುದು ಇದಕ್ಕಿಂತ ಬೇರೆಯಿಲ್ಲ. ನಾಗರಿಕರ ಸರದಿ ಬರುವಾಗ ಅರ್ಧ ಕುರ್ಚಿಗಳು ಖಾಲಿಯಾಗಿದ್ದವು. ಮೊದಲು ಬಿಗಿ ಪಂಗಡದ ಒಬ್ಬರು ಮಾತಾಡಿ, ಇಂಥ ಮಾತ್ರೆಗಳನ್ನು ಸಡಿಲ ಬಿಟ್ಟ ಕಡೆ ಊರಿಗೆ ಊರೇ ಹಾಳಾಗಿದೆ ಎಂದರು. ಅದೂ ಸುಳ್ಳಲ್ಲ ಎಂದು ನನಗೆ ಗೊತ್ತು. ಆಮೇಲೆ ನಮ್ಮ ದೆಹಲಿಯವಳು ಅದೇ ಕಾಟನ್ ಸೀರೆಯಲ್ಲಿ ಕಾಣಿಸಿಕೊಂಡಳು.

ಅವಳ ಕೈಯಲ್ಲಿದ್ದದ್ದು ನಾವು ಜಗಳವಾಡಿ ತಿದ್ದಿದ ಹೇಳಿಕೆಯಾಗಿರಲಿಲ್ಲ. ಹಳ್ಳಿಯ ಹೆಸರು ಹೇಳದೆ, ಹೆಂಗಸಿನ ಹೆಸರು ಹೇಳದೆ, ಆ ಬೆಳಿಗ್ಗೆ ನಡೆದದ್ದನ್ನು ಇಂಗ್ಲಿಷಿನಲ್ಲಿ ಹೇಳಿದಳು. ವಾಪಸು ಬರುವಾಗ ನನ್ನಿಂದ ಕೇಳಿ ತಿಳಿದಿದ್ದ ಕುರಿ ಡಾಕ್ಟರ ಮಾತನ್ನೂ ಹೇಳಿದಳು. ನಾವು ನೋಡಲು ಬರುತ್ತೇವೆಂದು ತಿಳಿದು ಒಬ್ಬಳು ತನ್ನ ಔಷಧಿಯನ್ನು ಬಿಟ್ಟು ಕಾದಿದ್ದಳು, ಸಾಕ್ಷಿ ಕೇಳಿ ಕೇಳಿ ಅವರಿಗೆ ಇದನ್ನು ಕಲಿಸಿದವರು ನಾವೇ ಎಂದಳು. ಆಕೆ ನಮ್ಮನ್ನು ಕೇಳಿದ ಪ್ರಶ್ನೆ ಏನೆಂದರೆ, ಎಂದು ಶುರು ಮಾಡಿದಳು. ಅಷ್ಟರಲ್ಲಿ ಸಮಯವಾಯಿತೆಂದು ಅಧ್ಯಕ್ಷರು ಧನ್ಯವಾದ ಹೇಳಿದರು, ಮೈಕ್ ನಿಂತಿತು. ಅವಳ ತುಟಿ ಇನ್ನೂ ಆಡುತ್ತಿತ್ತು. ಹಿಂದಿನ ಸಾಲಿನಲ್ಲಿ ಒಬ್ಬ ಮನುಷ್ಯ ಚೀಲದೊಳಗೆ ಏನನ್ನೋ ಹುಡುಕುತ್ತಿದ್ದ.

ಡಾಕ್ಟರು ಫೋನ್ ಮಾಡಿ, ಈಗಲಾದರೂ ನಂಬಿದಿರಾ ಎಂದು ಕೇಳಿದರು. ದೆಹಲಿಯವಳು ಮೋಸ ಮಾಡಿರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೂ ಯಲ್ಲದಕೆರೆಯ ಆ ಕೋಣೆಯಲ್ಲಿ ಆ ತಾಯಿ ನನ್ನನ್ನು ಅಣ್ಣ ಎಂದು ಕರೆದು ಕೇಳಿದ ಮಾತು ಅಷ್ಟು ದೂರದ ಖಾಲಿ ಕುರ್ಚಿಗಳ ಮುಂದೆ ಅರ್ಧಕ್ಕೆ ನಿಂತದ್ದು ನೋಡಿ ನನಗೆ ಸಿಟ್ಟೇ ಬಂತು. ಆ ತಿಂಗಳು ಮಾತ್ರೆ ಹೊತ್ತಿಗೆ ಸರಿಯಾಗಿ ಬಂತು. ವಿಯೆನ್ನಾದ ಪ್ರಭಾವ ಎಂದು ಡಾಕ್ಟರು, ರಜೆ ಮೇಲೆ ಹೋಗಿದ್ದ ಗುಮಾಸ್ತ ವಾಪಸು ಬಂದಿದ್ದಾನೆ ಎಂದು ಸಿಸ್ಟರ್. ನನಗೆ ಎರಡರ ಮೇಲೂ ನಂಬಿಕೆಯಿಲ್ಲ.

ನಿಜವಾಗಿ ಕೆಟ್ಟದ್ದು ಬೇರೆ. ಅದು ನಮಗೆ ತಿಳಿದದ್ದು ನಿಧಾನವಾಗಿ. ಆ ದಿನದ ನಂತರ ಯಲ್ಲದಕೆರೆಯ ತಾಯಿ ನಮಗೆ ನಿಜ ಹೇಳುವುದನ್ನು ನಿಲ್ಲಿಸಿಬಿಟ್ಟಳು. ನೋವು ಹೇಗಿದೆಯಮ್ಮ ಎಂದು ಸಿಸ್ಟರ್ ಕೇಳಿದರೆ ಮೊದಲು ಗಂಡನ ಮುಖ, ಆಮೇಲೆ ಬಾಗಿಲು ನೋಡಿ, ಭಾಳ ಐತೆ ಎನ್ನುತ್ತಿದ್ದಳು. ಪ್ರತಿ ಸಲವೂ ಅದೇ ಮಾತು. ನಂಬಿ ಮಾತ್ರೆ ಹೆಚ್ಚು ಮಾಡಿದರೆ ಮುಂದಿನ ಸಲ ಮಾತಾಡುತ್ತಲೇ ತೂಕಡಿಸುತ್ತಿದ್ದಳು. ಕಡಿಮೆ ಮಾಡಿದರೆ ನಿಜಕ್ಕೂ ನೋವಾಗುತ್ತಿತ್ತೋ, ಹೆದರಿಕೆಗೆ ಹಾಗೆನ್ನುತ್ತಿದ್ದಳೋ ಗೊತ್ತಾಗುತ್ತಿರಲಿಲ್ಲ. ಬೇರೆ ಅಳತೆಗೋಲು ನಮ್ಮ ಹತ್ತಿರ ಇರಲಿಲ್ಲ. ರಾಟೆ ಅಟ್ಟದಿಂದ ಕೆಳಗಿಳಿಯಲಿಲ್ಲ. ನಮ್ಮ ಗಾಡಿಯ ಸದ್ದು ಕೇಳಿದ ಕೂಡಲೇ ಆಕೆ ಮರದ ಕೆಳಗಿಂದ ಎದ್ದು ಒಳಗೆ ಹೋಗಿ ಮಲಗುತ್ತಾಳೆಂದು ಪಕ್ಕದ ಮನೆಯವಳು ಒಮ್ಮೆ ಬಾಯಿಬಿಟ್ಟಳು.

ಮಾತ್ರೆ ನಿಲ್ಲಿಸುವುದಿಲ್ಲ, ಚೆನ್ನಾಗಿದ್ದೀನಿ ಅಂದರೂ ನಿಲ್ಲಿಸುವುದಿಲ್ಲ ಎಂದು ಸಿಸ್ಟರ್ ಆಣೆ ಮಾಡಿ ಹೇಳಿದರು. ನಾನೂ ಹೇಳಿದೆ. ಆಕೆ ಹೂಂ ಎಂದಳು. ಆ ಹೂಂ ನನಗೆ ಚೆನ್ನಾಗಿ ಗೊತ್ತು. ಅಜ್ಜಿಗೆ ಕೆಮ್ಮು ಎಂದು ಹುಡುಗ ಹೇಳಿದಾಗ ನಾನು ಕೌಂಟರಿನ ಈಚೆಯಿಂದ ಅನ್ನುವ ಹೂಂ ಅದು. ನಾನು ಜೀವಮಾನವಿಡೀ ಕಂಡವರನ್ನೆಲ್ಲ ಅನುಮಾನಿಸಿದವನು, ಆದರೆ ಅನುಮಾನ ಮಾಡಿಸಿಕೊಳ್ಳುವುದು ಇಷ್ಟು ನೋಯುತ್ತದೆಂದು ಗೊತ್ತಿರಲಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ಆಕೆ ಎದ್ದು ಹೊರಗೆ ಬರುವುದು ನಿಂತಿತು. ಒಂದು ಮಧ್ಯಾಹ್ನ ಸಿಸ್ಟರ್ ಹೊಸದುರ್ಗದಿಂದ ಬರಲಾಗದೆ ನಾನೊಬ್ಬನೇ ಬೈಕಿನಲ್ಲಿ ಹೋದೆ. ಗಂಡ ಕುರಿಗಳ ಜೊತೆ ಹೋಗಿದ್ದ, ಸೊಸೆ ನನ್ನನ್ನು ಒಳಗೆ ಕೂರಿಸಿ ನೀರು ಕೊಟ್ಟು ಹಟ್ಟಿಯ ಕಡೆಗೆ ಹೋದಳು. ಆಕೆ ಮಲಗಿದ್ದಳು, ಅಂಗಾತ ಮಲಗಿದ್ದಳು. ಮುಖ ಬಹಳ ಚಿಕ್ಕದಾಗಿತ್ತು. ಹೇಗಿದ್ದೀಯಮ್ಮ, ನೋವು ಐತಾ ಎಂದು ಕೇಳಿದೆ. ಉತ್ತರ ಗೊತ್ತಿದ್ದ ಪ್ರಶ್ನೆ, ಕೇಳಬೇಕಲ್ಲ ಎಂದು ಕೇಳಿದೆ.

ಆಕೆ ಬಾಗಿಲ ಕಡೆ ನೋಡಿದಳು.

"ಹೊರಗೆ ಯಾರಾದ್ರೂ ಇದಾರಾ ಅಣ್ಣ?"

ಯಾರೂ ಇಲ್ಲಮ್ಮ, ನಾನೊಬ್ಬನೇ ಎಂದೆ. ಆಕೆಯ ಕಣ್ಣು ಬಾಗಿಲಿನಿಂದ ಕದಲಲಿಲ್ಲ. ನಾನು ಎದ್ದು ಹೋಗಿ ಬಾಗಿಲನ್ನು ಪೂರ್ತಿ ತೆರೆದೆ. ಮರದ ಕೆಳಗೆ ನನ್ನ ಬೈಕು, ಆಚೆಗೆ ಖಾಲಿ ದಾರಿ. ಆಕೆಗೆ ಕಾಣಲೆಂದು ಪಕ್ಕಕ್ಕೆ ಸರಿದು ನಿಂತೆ. ಆಕೆ ನೋಡಿದಳು, ಸಾವಕಾಶವಾಗಿ ನೋಡಿದಳು. ಆಮೇಲೆ ನನ್ನನ್ನು ಹತ್ತಿರ ಕರೆದಳು. ನಾನು ಬಗ್ಗಿ ಕಿವಿ ಕೊಟ್ಟೆ.

"ಹಂಗಾರೆ ನೋವಿಲ್ಲಣ್ಣ," ಎಂದಳು. "ಯಾರಿಗೂ ಹೇಳ್ಬ್ಯಾಡ."